ಕೈಗೆಟುಕದ ಕೀಲಿ

1997ರ ಅಕ್ಟೋಬರ್ 12ರ ಸಂಜೆ. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಮಾಂಟೆರೆ ವಿಮಾನ ನಿಲ್ದಾಣದಿಂದ ಪುಟ್ಟ ವಿಮಾನವೊಂದು ಮೇಲೇರಿತು. ಸುಮಾರು ಕಾಲು ಗಂಟೆಯ ಬಳಿಕ ಅದು ಪೆಸಿಫಿಕ್ ಗ್ರೋವ್ ಪಟ್ಟಣದ ಬಳಿ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದವರು ಒಬ್ಬರೇ: 'ಕಂಟ್ರಿ ರೋಡ್ಸ್' ಹಾಡಿನಿಂದ ಜಗತ್ತಿಗೆಲ್ಲ ಪರಿಚಿತರಾದ ಗಾಯಕ ಜಾನ್ ಡೆನ್ವರ್. ಆಗ ಅವರಿಗೆ 53 ವರ್ಷ.

ಡೆನ್ವರ್ ಹಾರಾಟಕ್ಕೆ ಹೊಸಬರಲ್ಲ. ತಂದೆ ಅಮೆರಿಕದ ವಾಯುಪಡೆಯಲ್ಲಿ ಪೈಲಟ್ ಆಗಿದ್ದವರು. ಮಗನಿಗೂ 2,700 ಗಂಟೆಗಳಿಗೂ ಮೀರಿದ ಅನುಭವವಿತ್ತು. ಆದರೆ ಈ ವಿಮಾನ ಮಾತ್ರ ಹೊಸದು. ಹಿಂದಿನ ದಿನವಷ್ಟೇ ಸುಮಾರು ಅರ್ಧ ಗಂಟೆ ಅದರ ಪರಿಚಯ ಮಾಡಿಕೊಂಡಿದ್ದರು.

ಬರ್ಟ್ ರುಟಾನ್ ಎಂಬ ವಿನ್ಯಾಸಕಾರ ರೂಪಿಸಿದ 'ಲಾಂಗ್-ಈಝೀ' ಮಾದರಿಯ ವಿಮಾನವದು. ನಕ್ಷೆ ಕೊಂಡು ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ಮಾದರಿ. ಎರಡು ರೆಕ್ಕೆಗಳ ಬುಡದಲ್ಲಿ ಎರಡು ಪೆಟ್ರೋಲ್ ಟ್ಯಾಂಕುಗಳು. ಒಂದು ಬರಿದಾಗುತ್ತ ಬಂದಾಗ ಕೀಲಿ ತಿರುಗಿಸಿ ಇನ್ನೊಂದರಿಂದ ಎಂಜಿನ್ನಿಗೆ ಪೆಟ್ರೋಲ್ ಹರಿಸಬೇಕು. ಹಳೆಯ ಸ್ಕೂಟರ್ ಓಡಿಸಿದವರಿಗೆ ಇದು ತಿಳಿದ ಸಂಗತಿಯೇ. ಎಂಜಿನ್ ಕೆಮ್ಮತೊಡಗಿದರೆ ಸವಾರ ಕೈ ಕೆಳಗೆ ಚಾಚಿ 'ರಿಸರ್ವ್'ಗೆ ತಿರುಗಿಸುತ್ತಿದ್ದ; ಗಾಡಿ ಮತ್ತೆ ಓಡುತ್ತಿತ್ತು.

ರುಟಾನ್ ನಕ್ಷೆಯಲ್ಲಿ ಆ ಕೀಲಿಯ ಜಾಗ ಪೈಲಟ್‌ನ ಕಾಲುಗಳ ನಡುವೆ. ಆದರೆ ಈ ವಿಮಾನ ಕಟ್ಟಿದವರು ಪೆಟ್ರೋಲ್ ಕೊಳವೆಗಳು ಪೈಲಟ್ ಕೂರುವಲ್ಲಿಗೆ ಬರುವುದು ಬೇಡವೆಂದು ಅದನ್ನು ಎಡ ಭುಜದ ಹಿಂದೆ ಕೂರಿಸಿದ್ದರು. ಉದ್ದೇಶ ಒಳ್ಳೆಯದೇ. ಪರಿಣಾಮವೇನು? ಕೀಲಿ ತಿರುಗಿಸಲು ಚಾಲನಾ ದಂಡದಿಂದ ಕೈ ತೆಗೆಯಬೇಕು, ಭುಜದ ಪಟ್ಟಿ ಸಡಿಲಿಸಬೇಕು, ಮೈಯನ್ನು ಪೂರ್ತಿ ಎಡಕ್ಕೆ ಹೊರಳಿಸಬೇಕು, ಆಮೇಲೆ ಕೈಗೆ ಸಿಕ್ಕ ಹಿಡಿಯನ್ನು ತಿರುಗಿಸಬೇಕು! ಪೆಟ್ರೋಲ್ ಮಟ್ಟ ತೋರಿಸುವ ಗಾಜುಗಳೂ ಹಿಂಬದಿಯಲ್ಲೇ; ಅವುಗಳ ಮೇಲೆ ಗುರುತುಗಳಿರಲಿಲ್ಲ.

ಈ ತೊಡಕು ಡೆನ್ವರ್‌ಗೆ ಗೊತ್ತಿತ್ತು. ಹೊರಡುವ ಮುನ್ನ ಮೆಕ್ಯಾನಿಕ್ ಒಬ್ಬರೊಡನೆ ಕೀಲಿಯ ಹಿಡಿಗೆ ಇಕ್ಕಳ ಕಚ್ಚಿಸಿ ನೋಡಿದರು, ಅದೂ ಎಟುಕಲಿಲ್ಲ. ಹಿಂದಿನ ಗಾಜುಗಳನ್ನು ನೋಡಲು ಪುಟ್ಟ ಕನ್ನಡಿ ಪಡೆದರು. ಬೇಕಾದರೆ ವಿಮಾನವನ್ನು ಆಟೋಪೈಲಟ್‌ಗೆ ಒಪ್ಪಿಸಿ ಕೀಲಿ ತಿರುಗಿಸುವೆ ಎಂದರು. ಪೆಟ್ರೋಲ್ ತುಂಬಿಸೋಣವೇ ಎಂಬ ಪ್ರಶ್ನೆಗೆ, ಹಾರುವುದು ಒಂದು ಗಂಟೆ ಮಾತ್ರ, ಬೇಡ ಎಂದರು.

ಆಕಾಶದಲ್ಲಿ ನಡೆದದ್ದೇನು? ಎಂಜಿನ್ ಸದ್ದು ತಗ್ಗಿದ್ದನ್ನು ನೆಲದ ಮೇಲಿದ್ದ ಕೆಲವರು ಗಮನಿಸಿದ್ದರು. ವಿಮಾನ ಆಗ ಕೆಲವೇ ನೂರು ಅಡಿ ಎತ್ತರದಲ್ಲಿತ್ತು. ಎಡಕ್ಕೆ ಹೊರಳಿ ಹಿಂದೆ ಕೈ ಚಾಚಿದವನ ಬಲಗಾಲು ಆಸರೆಗಾಗಿ ತಾನಾಗಿಯೇ ರಡ್ಡರ್ ಪೆಡಲನ್ನು ಒತ್ತುತ್ತದೆ ಎಂಬುದು ತನಿಖೆಯಲ್ಲಿ ಕಂಡುಬಂತು. ಹಾಗೆ ಒತ್ತಿದಾಗ ವಿಮಾನ ಹತೋಟಿ ತಪ್ಪಿತು. ಸರಿಪಡಿಸಿಕೊಳ್ಳಲು ಎತ್ತರ ಉಳಿದಿರಲಿಲ್ಲ.

1999ರಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನ ಪ್ರಕಟಿಸಿತು. ಕೀಲಿ ತಿರುಗಿಸಲು ಹೋಗಿ ಪೈಲಟ್‌ನ ಗಮನ ಚದುರಿದ್ದು, ಮೊದಲೇ ಪೆಟ್ರೋಲ್ ತುಂಬಿಸದೆ ಹೊರಟದ್ದು ಕಾರಣಗಳೆಂದಿತು. ಹಾಗೆಂದು ತಪ್ಪನ್ನೆಲ್ಲ ಸತ್ತವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲಿಲ್ಲ. ಕೀಲಿಯ ಜಾಗ, ಗುರುತಿಲ್ಲದ ಮಾಪಕಗಳು, ಸಾಲದ ತರಬೇತಿ ಇವನ್ನೂ ಹೆಸರಿಸಿತು.

ಹೊರಡುವ ಮೊದಲು ನೋಡಿದಾಗ ಎಡಗಡೆಯ ಟ್ಯಾಂಕಿನಲ್ಲಿ ಪೆಟ್ರೋಲ್ ತೀರ ಕಡಿಮೆಯಿತ್ತು. ಬಲಗಡೆ ಅದಕ್ಕಿಂತ ಹೆಚ್ಚಿತ್ತು. ಆ ಸಂಜೆ ಕೊರತೆಯಾದದ್ದು ಪೆಟ್ರೋಲಿಗಿಂತ ಹೆಚ್ಚಾಗಿ ಅದರ ಕೀಲಿ ಕೈಗೆಟುಕುವ ಅನುಕೂಲ. ಅದು ಎಟುಕುವುದಿಲ್ಲವೆಂಬುದು ನೆಲದ ಮೇಲಿದ್ದಾಗಲೇ ತಿಳಿದಿತ್ತು. ಸರಿಪಡಿಸುವ ಕೆಲಸ ಮಾತ್ರ ಮುಂದಕ್ಕೆ ಹೋಯಿತು.