ಬಾಲರೋಗಗಳ ಮರುಕಳಿಕೆ: ಒಂದು ಚಾರಿತ್ರಿಕ ಅವಲೋಕನ

ಗಂಟಲಮಾರಿ, ನಾಯಿಕೆಮ್ಮು, ದಡಾರ, ಧನುರ್ವಾಯು - ಈ ಹೆಸರುಗಳು ನಮ್ಮ ಅಜ್ಜಿಯಂದಿರಿಗೆ ನಿಘಂಟಿನ ನೆರವಿಲ್ಲದೆ ತಿಳಿದಿದ್ದವು. ಮಕ್ಕಳೆಷ್ಟೆಂದು ಕೇಳಿದರೆ ಹೆತ್ತವೆಷ್ಟು, ಉಳಿದವೆಷ್ಟು ಎಂದು ಎರಡು ಲೆಕ್ಕ ಒಪ್ಪಿಸುತ್ತಿದ್ದ ಕಾಲವದು. ಇಂದಿನ ವಿದ್ಯಾರ್ಥಿಗೆ ಗಂಟಲಮಾರಿಯೆಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ರೋಗವನ್ನು ಮರೆತ ಸಮಾಜವು ಅದನ್ನು ತಡೆದ ಉಪಾಯವನ್ನೂ ಮರೆತರೆ ಆಗುವುದೇನು? ಚರಿತ್ರೆ ಇದಕ್ಕೆ ಉತ್ತರ ಕೊಟ್ಟಿದೆ.

1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು ಹಸುವಿನ ಸಿಡುಬಿನ ರಸದಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿದನು. ಆರೇ ವರ್ಷಗಳಲ್ಲಿ ಆ ವಿದ್ಯೆ ನಮ್ಮ ದೇಶವನ್ನು ಮುಟ್ಟಿತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಲಸಿಕೆ ಫಲಿಸಿತು. ಆಕೆಯ ತೋಳಿನ ಗುಳ್ಳೆಯ ರಸವನ್ನು ಬೇರೆ ಮಕ್ಕಳಿಗೂ, ಅವರಿಂದ ಮತ್ತೆ ಇತರರಿಗೂ ಹಾಕುತ್ತ, ತೋಳಿನಿಂದ ತೋಳಿಗೆ ಲಸಿಕೆ ದೇಶದೊಳಗೆ ನಡೆದು ಬಂದಿತು. 1975ರ ಮೇ ತಿಂಗಳಿನ ಅನಂತರ ಭಾರತದಲ್ಲಿ ಸಿಡುಬು ಕಾಣಲಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಲೋಕವೇ ಅದರಿಂದ ಮುಕ್ತವಾಯಿತೆಂದು ಸಾರಿತು. ಸಿಡುಬು ಭೂಮಿಯಿಂದಲೇ ಹೋದುದರಿಂದ ಅದರ ಲಸಿಕೆಯನ್ನು ನಿಲ್ಲಿಸಬಹುದಾಯಿತು. ಮಿಕ್ಕ ರೋಗಗಳ ಮಾತು ಹಾಗಲ್ಲ. ಅವು ಹೊರಟುಹೋಗಿಲ್ಲ, ಕದದ ಹೊರಗೆ ಕಾದು ಕುಳಿತಿವೆ.

ಜಪಾನಿನ ನಿದರ್ಶನವನ್ನು ನೋಡೋಣ. 1890ರಲ್ಲಿ ಜರ್ಮನಿಯ ಬೇರಿಂಗನೊಡನೆ ಸೇರಿ ಧನುರ್ವಾಯುವಿನ ಪ್ರತಿವಿಷವನ್ನು ಕಂಡುಹಿಡಿದ ಕಿಟಸಾಟೊ ಆ ದೇಶದವನೇ. ಅಲ್ಲಿ 1974ರಲ್ಲಿ ನೂರಕ್ಕೆ ಸುಮಾರು 80 ಮಕ್ಕಳಿಗೆ ನಾಯಿಕೆಮ್ಮಿನ ಲಸಿಕೆಯಾಗುತ್ತಿತ್ತು. ಆ ವರ್ಷ ರೋಗ ತಗುಲಿದವರು 393 ಮಂದಿ, ಸತ್ತವರು ಯಾರೂ ಇಲ್ಲ. ಆ ಚಳಿಗಾಲದಲ್ಲಿ ಲಸಿಕೆ ಹಾಕಿಸಿಕೊಂಡ ಬಳಿಕ ಎರಡು ಕೂಸುಗಳು ತೀರಿಕೊಂಡವು. ಜನ ಗಾಬರಿಗೊಂಡರು, ಸರ್ಕಾರವು ಕೆಲಕಾಲ ಲಸಿಕೆಯನ್ನು ನಿಲ್ಲಿಸಿ, ಆಮೇಲೆ ಎರಡು ವರ್ಷ ತುಂಬಿದವರಿಗೆ ಮಾತ್ರ ಹಾಕತೊಡಗಿತು. 1976ರ ವೇಳೆಗೆ ಲಸಿಕೆಯಾದ ಕೂಸುಗಳು ನೂರಕ್ಕೆ ಸುಮಾರು ಹತ್ತಕ್ಕೆ ಇಳಿದವು. 1979ರಲ್ಲಿ ರೋಗಿಗಳು 13,000ಕ್ಕೂ ಮಿಕ್ಕರು. 41 ಮಂದಿ ಸತ್ತರು. 1981ರಲ್ಲಿ ಜ್ವರ, ಬಾವುಗಳ ಉಪದ್ರವ ಕಡಿಮೆಯಿರುವ ಹೊಸ ಲಸಿಕೆಯನ್ನು ಬಳಕೆಗೆ ತಂದ ಮೇಲೆ ರೋಗವು ಮತ್ತೆ ಇಳಿಮುಖವಾಯಿತು. ವಿದ್ಯೆಯೂ ವೈದ್ಯವೂ ಮುಂದುವರಿದ ನಾಡಿನಲ್ಲಿ, ಐದು ವರ್ಷಗಳೊಳಗೆ ನಡೆದ ಕತೆಯಿದು.

ದೂರದ ಜಪಾನೇಕೆ? ಕಾಸರಗೋಡು, ವಯನಾಡುಗಳ ಕನ್ನಡಿಗರು ಬಾಳುತ್ತಿರುವ ಕೇರಳವು ಸಾಕ್ಷರತೆಗೆ ಹೆಸರಾದುದಷ್ಟೆ. ಅಲ್ಲಿಯೇ, ಲಸಿಕೆಯಲ್ಲಿ ಹಿಂದುಳಿದಿದ್ದ ಮಲಪ್ಪುರಂ ಜಿಲ್ಲೆಯಲ್ಲಿ, 2016ರಲ್ಲಿ ಗಂಟಲಮಾರಿ ತಲೆಯೆತ್ತಿ ಮಕ್ಕಳನ್ನು ಬಲಿ ತೆಗೆದುಕೊಂಡಿತು. ಗಂಟಲಿನಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಉಸಿರನ್ನು ಅಡಗಿಸುವ, ವಿಷವನ್ನು ಹೃದಯಕ್ಕೆ ಹರಿಸುವ ರೋಗವದು. ಅಕ್ಷರ ಬಲ್ಲವರ ನಾಡಿನಲ್ಲಿ ಅದು ಮರಳಿತೆಂದರೆ, ಓದುಬರಹವೊಂದೇ ಕಾವಲಾಗದೆಂಬುದು ಸ್ಪಷ್ಟ.

ಲಸಿಕೆಯು ಹಾಕಿಸಿಕೊಂಡವನನ್ನು ಮಾತ್ರ ಕಾಯುವುದಿಲ್ಲ. ದಡಾರವನ್ನು ತಡೆಯಲು ನೂರರಲ್ಲಿ 95 ಮಂದಿಗೆ ರಕ್ಷಣೆಯಿರಬೇಕು. ಆಗ ಒಂಬತ್ತು ತಿಂಗಳು ತುಂಬದ, ಇನ್ನೂ ದಡಾರದ ಲಸಿಕೆಯ ಪ್ರಾಯಕ್ಕೆ ಬಾರದ ಕೂಸಿಗೂ ನೆರೆಹೊರೆಯೇ ಬೇಲಿಯಾಗುತ್ತದೆ. ನಾಲ್ಕಾರು ಮನೆಗಳು ಹಿಂದೆ ಸರಿದರೆ ಬೇಲಿಯಲ್ಲಿ ಕಂಡಿ ಬೀಳುತ್ತದೆ.

ಹೀಗಿರಲು ಅಧ್ಯಾಪಕರ ಕರ್ತವ್ಯವೇನು? ಹೆದರಿದ ತಾಯಿಯನ್ನು ಮೂಢಳೆಂದು ಜರೆಯುವುದು ಸಲ್ಲದು; ಜಪಾನಿನ ತಾಯಂದಿರ ಹೆದರಿಕೆ ಕಾರಣವಿಲ್ಲದ್ದಾಗಿರಲಿಲ್ಲ. ಆಕೆಯ ಪ್ರಶ್ನೆಗೆ ತಾಳ್ಮೆಯ ಉತ್ತರ ಬೇಕು, ಅದೂ ಆಕೆಯ ಮಾತಿನಲ್ಲೇ ಬೇಕು. ಗಡಿನಾಡಿನಲ್ಲಿ ಸರ್ಕಾರದ ಪ್ರಕಟಣೆ ಒಂದು ಭಾಷೆಯಲ್ಲಿದ್ದು ಮನೆಯ ಮಾತು ಇನ್ನೊಂದಾಗಿರುವುದುಂಟು. ತಿಳಿಯದ ಪ್ರಕಟಣೆಗಿಂತ ತಿಳಿಯುವ ಗಾಳಿಮಾತು ಬೇಗ ಮನೆ ಹೊಗುತ್ತದೆ. ಈ ಎಡೆಯನ್ನು ತುಂಬಬಲ್ಲವನು ಕನ್ನಡ ಶಾಲೆಯ ಉಪಾಧ್ಯಾಯ. ಗಂಟಲಮಾರಿ, ಧನುರ್ವಾಯುಗಳ ಲಸಿಕೆಯನ್ನು ಐದಾರನೆಯ ವಯಸ್ಸಿನಲ್ಲೂ, ಹತ್ತು ಮತ್ತು ಹದಿನಾರರಲ್ಲೂ ಮತ್ತೆ ಹಾಕಿಸಬೇಕು. ಈ ಮೂರೂ ಶಾಲೆಯ ವಯಸ್ಸುಗಳೇ. ಪ್ರವೇಶದ ದಿನ ಜನನಪತ್ರವನ್ನು ನೋಡುವ ನಾವು ಲಸಿಕೆಯ ಚೀಟಿಯನ್ನೂ ಕೇಳಿ ನೋಡಿದರೆ, ತಪ್ಪಿದ ಮಕ್ಕಳನ್ನು ಆರೋಗ್ಯ ಕೇಂದ್ರಕ್ಕೆ ಕಳುಹಿಸಿದರೆ, ಅರ್ಧ ಕೆಲಸವಾದಂತೆ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯುಂಟು. ಹೊಳೆ ದಾಟಿದವರು ನಾವು, ದೊಡ್ಡವರು. ಇಂದು ಹುಟ್ಟಿದ ಕೂಸು ಇನ್ನೂ ಆಚೆಯ ದಡದಲ್ಲಿಯೇ ಇದೆ. ಅದಕ್ಕೆ ಅಂಬಿಗನು ಬೇಕು.