ಬಡಾವಣೆಯ ಅಭಿವೃದ್ಧಿ: ನಿವಾಸಿಗಳ ಅಭಿಪ್ರಾಯ ಕಡತ ಸೇರುವ ಬಗೆ

ರಸ್ತೆ ಗುಂಡಿ, ಉಕ್ಕಿ ಹರಿಯುವ ಮ್ಯಾನ್‌ಹೋಲ್‌, ಉರಿಯದ ಬೀದಿದೀಪ, ಬೀದಿನಾಯಿಗಳ ಕಾಟ, ತಿರುವಿನಲ್ಲಿ ರಾಶಿ ಬೀಳುವ ಕಸ. ರಾಜ್ಯದ ಯಾವ ನಗರದ ಯಾವ ಬಡಾವಣೆಯ ನಿವಾಸಿಗಳನ್ನು ಮಾತನಾಡಿಸಿದರೂ ದೊರೆಯುವ ಪಟ್ಟಿ ಹೆಚ್ಚುಕಡಿಮೆ ಇದೇ. ತಮ್ಮ ಬಡಾವಣೆ ಹೇಗಿರಬೇಕೆಂಬ ಅಭಿಪ್ರಾಯಕ್ಕೆ ನಗರವಾಸಿಗಳಲ್ಲಿ ಕೊರತೆಯಿಲ್ಲ. ಆದರೆ ಆ ಅಭಿಪ್ರಾಯ ಪಾಲಿಕೆಯ ಕಡತ ಸೇರಿ, ಬಜೆಟ್‌ನಲ್ಲಿ ಹಣ ಪಡೆದು, ಕಾಮಗಾರಿಯಾಗಿ ಮತ್ತೆ ಅದೇ ಬೀದಿಗೆ ಮರಳುವ ದಾರಿಯ ಪರಿಚಯ ಬಹುಮಂದಿಗಿಲ್ಲ. ಆ ದಾರಿಯನ್ನು ಕಾನೂನು ಮಾಡಿಕೊಟ್ಟಿದೆ. ಅದರ ಹೆಸರು ವಾರ್ಡ್‌ ಸಮಿತಿ.

ದೂರು ಬೇರೆ, ಅಭಿಪ್ರಾಯ ಬೇರೆ

ಕೆಟ್ಟ ಬೀದಿದೀಪವನ್ನು ಸರಿಪಡಿಸಿ ಎನ್ನುವುದು ದೂರು. ಅದಕ್ಕೆ ಸಹಾಯವಾಣಿಯಿದೆ, ನಿಗದಿತ ಅಧಿಕಾರಿಯಿದ್ದಾರೆ. ಈ ವರ್ಷ ರಸ್ತೆಗೆ ಮತ್ತೊಮ್ಮೆ ಡಾಂಬರು ಹಾಕುವ ಬದಲು ಅದೇ ಹಣದಲ್ಲಿ ಶಾಲೆಯ ಮುಂದಿನ ಪಾದಚಾರಿ ಮಾರ್ಗವನ್ನು ಸರಿಪಡಿಸಿ ಎನ್ನುವುದು ಅಭಿಪ್ರಾಯ. ಇದು ಆದ್ಯತೆಯ ಪ್ರಶ್ನೆ; ಸಾರ್ವಜನಿಕ ಹಣ ಎಲ್ಲಿ ಮೊದಲು ಖರ್ಚಾಗಬೇಕೆಂಬ ಪ್ರಶ್ನೆ. ದೂರನ್ನು ಒಬ್ಬರೇ ಕೊಡಬಹುದು. ಆದ್ಯತೆಯನ್ನು ನಾಲ್ಕು ಜನ ಕುಳಿತು, ವಾದಿಸಿ, ಒಪ್ಪಿ ನಿರ್ಧರಿಸಬೇಕು. ಹೀಗೆ ಕೂರಲು ಒಂದು ಅಧಿಕೃತ ಜಾಗವಿಲ್ಲದಿದ್ದರೆ ಆದ್ಯತೆಯನ್ನು ಬೇರೆ ಯಾರೋ ನಿರ್ಧರಿಸುತ್ತಾರೆ.

ಸಂವಿಧಾನದಿಂದ ವಾರ್ಡ್‌ವರೆಗೆ

1992ರ ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್‌ 1ರಂದು ಜಾರಿಗೆ ಬಂತು. ಗ್ರಾಮಗಳಿಗೆ 73ನೇ ತಿದ್ದುಪಡಿ ಮಾಡಿದ್ದನ್ನು ನಗರಗಳಿಗೆ ಮಾಡುವುದು ಇದರ ಉದ್ದೇಶವಾಗಿತ್ತು. ನಗರಾಡಳಿತಕ್ಕೆ ವಹಿಸಬಹುದಾದ 18 ಹೊಣೆಗಳ ಪಟ್ಟಿಯನ್ನು 12ನೇ ಅನುಸೂಚಿ ನೀಡಿತು. 3 ಲಕ್ಷ ಹಾಗೂ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್‌ ಸಮಿತಿಗಳು ಇರಬೇಕೆಂದು 243-ಎಸ್‌ ವಿಧಿ ಹೇಳಿತು. ಆದರೆ ‘ಒಂದು ಅಥವಾ ಹೆಚ್ಚು ವಾರ್ಡ್‌ಗಳಿಗೆ’ ಒಂದು ಸಮಿತಿ ಎಂಬ ಮಾತು ಅದೇ ವಿಧಿಯಲ್ಲಿತ್ತು. ಬೆಂಗಳೂರಿನಲ್ಲಿ ಆರಂಭದ ವರ್ಷಗಳಲ್ಲಿ ಹಲವು ವಾರ್ಡ್‌ಗಳನ್ನು ಸೇರಿಸಿ ಒಂದೊಂದು ಸಮಿತಿ ರಚಿಸಲಾಯಿತು. ಹೀಗಾಗಿ ಸಮಿತಿ ಬೀದಿಯಿಂದ ದೂರವೇ ಉಳಿಯಿತು.

ಕೇಂದ್ರ ಸರ್ಕಾರ 2005ರಲ್ಲಿ ಆರಂಭಿಸಿದ ಜೆ-ನರ್ಮ್‌ ಯೋಜನೆ ನಗರಗಳಿಗೆ ಅನುದಾನ ನೀಡಲು ಜನರ ಸಹಭಾಗಿತ್ವದ ಕಾನೂನನ್ನು ಷರತ್ತಾಗಿಸಿತು. ಅದರ ಹಿನ್ನೆಲೆಯಲ್ಲಿ 2011ರಲ್ಲಿ ಕರ್ನಾಟಕ ಮಹಾನಗರಪಾಲಿಕೆಗಳ ಕಾಯ್ದೆ 1976ಕ್ಕೆ ತಿದ್ದುಪಡಿಯಾಯಿತು. ಪ್ರತಿ ವಾರ್ಡ್‌ಗೂ ಒಂದು ಸಮಿತಿ, ಅದರ ಕೆಳಗೆ ಪ್ರದೇಶ ಸಭೆ ಎಂಬ ವ್ಯವಸ್ಥೆ ರೂಪುಗೊಂಡಿತು. 2016ರಲ್ಲಿ ನಿಯಮಗಳು ಬಂದವು. ವಾರ್ಡ್‌ನ ಚುನಾಯಿತ ಸದಸ್ಯರೇ ಅಧ್ಯಕ್ಷರು. 10 ಮಂದಿ ನಾಮನಿರ್ದೇಶಿತ ಸದಸ್ಯರು. ಅವರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಮೂವರು ಮಹಿಳೆಯರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು. ತಿಂಗಳಿಗೊಮ್ಮೆ ಸಭೆ ಸೇರುವುದು, ವಾರ್ಡ್‌ನ ಅಭಿವೃದ್ಧಿ ಯೋಜನೆ ತಯಾರಿಸುವುದು, ಕಸ ವಿಲೇವಾರಿಯ ಮೇಲೆ ನಿಗಾ ಇಡುವುದು ಸಮಿತಿಯ ಕರ್ತವ್ಯ.

ಕಾನೂನಿನಲ್ಲಿದ್ದ ಸಮಿತಿ ನೆಲಕ್ಕಿಳಿದದ್ದು ನ್ಯಾಯಾಲಯದ ಒತ್ತಡದಿಂದ. ಬೆಂಗಳೂರಿನ ಕಸದ ಪ್ರಕರಣದ ವಿಚಾರಣೆಯಲ್ಲಿ ಹೈಕೋರ್ಟ್‌ ಸಮಿತಿಗಳ ರಚನೆಗೆ ಸೂಚಿಸಿತು. 2018ರ ಡಿಸೆಂಬರ್‌ 1ರಿಂದ ಪ್ರತಿ ತಿಂಗಳ ಮೊದಲ ಶನಿವಾರ ವಾರ್ಡ್‌ ಸಮಿತಿ ಸಭೆ ನಡೆಸುವ ಪರಿಪಾಠವನ್ನು ಬಿಬಿಎಂಪಿ ಆರಂಭಿಸಿತು. ದಿನ ಗೊತ್ತಾದ ಮೇಲೆ ಸಭೆ ನಡೆಯಿತೇ ಇಲ್ಲವೇ ಎಂದು ನಾಗರಿಕರು ಕೇಳುವಂತಾಯಿತು. ಒಂದು ಸಣ್ಣ ಆಡಳಿತಾತ್ಮಕ ಆದೇಶ ಮಾಡಿದ ದೊಡ್ಡ ಉಪಕಾರ ಇದು.

ಅಸಮಾಧಾನಕ್ಕೆ ಅಂಕ ಕೊಟ್ಟ ಊರು

ಜನಾಭಿಪ್ರಾಯವನ್ನು ಅಧಿಕಾರಿಗಳು ತಳ್ಳಿಹಾಕಲಾಗದಂತೆ ಮುಂದಿಡುವ ಪ್ರಯೋಗ ಬೆಂಗಳೂರಿನಲ್ಲಿ ಮೂರು ದಶಕಗಳ ಹಿಂದೆಯೇ ನಡೆದಿತ್ತು. ಸ್ಯಾಮ್ಯುಯೆಲ್‌ ಪಾಲ್‌ ಅವರ ನೇತೃತ್ವದಲ್ಲಿ ನಗರದ ಸಾರ್ವಜನಿಕ ಸೇವೆಗಳ ‘ನಾಗರಿಕ ವರದಿ ಕಾರ್ಡ್‌’ ಸಿದ್ಧವಾಯಿತು. ಅವರು 1994ರಲ್ಲಿ ಸ್ಥಾಪಿಸಿದ ಪಬ್ಲಿಕ್‌ ಅಫೇರ್ಸ್‌ ಸೆಂಟರ್‌ ಆ ಕೆಲಸವನ್ನು ಮುಂದುವರಿಸಿತು. ಪಾಲಿಕೆ, ಜಲಮಂಡಳಿ, ವಿದ್ಯುತ್‌ ಮಂಡಳಿ, ಬಿಡಿಎ ಸೇವೆ ತೃಪ್ತಿಕರ ಎಂದವರ ಪ್ರಮಾಣ ಮೊದಲ ಕಾರ್ಡ್‌ನಲ್ಲಿ ಶೇ. 10ನ್ನೂ ಮುಟ್ಟಿರಲಿಲ್ಲ. 1999 ಹಾಗೂ 2003ರಲ್ಲಿ ಸಮೀಕ್ಷೆ ಮತ್ತೆ ನಡೆಯಿತು. ಮೂರನೆಯ ಹೊತ್ತಿಗೆ ತೃಪ್ತಿಯ ಪ್ರಮಾಣ ಗಣನೀಯವಾಗಿ ಏರಿತ್ತು. ಒಬ್ಬರ ಸಿಟ್ಟನ್ನು ಯಾರಾದರೂ ಮರೆಯಬಹುದು. ಪತ್ರಿಕೆಗಳಲ್ಲಿ ಅಚ್ಚಾದ ಅಂಕವನ್ನು ಮರೆಯುವುದು ಕಷ್ಟ.

ಕೆರೆ ಮತ್ತು ಕಸ ಹೇಳುವ ಪಾಠ

ಬೆಂಗಳೂರಿನ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಬತ್ತಿ, ಕಸ ತುಂಬಿದ್ದ ಕಾಲದಲ್ಲಿ ಸುತ್ತಲಿನ ನಿವಾಸಿಗಳು ಒಗ್ಗೂಡಿ 2010ರಲ್ಲಿ ಟ್ರಸ್ಟ್‌ ಸ್ಥಾಪಿಸಿದರು. ಮರುವರ್ಷ ಬಿಬಿಎಂಪಿ ಕೆರೆಯ ನಿರ್ವಹಣೆಗಾಗಿ ಆ ಟ್ರಸ್ಟ್‌ ಜೊತೆ ಒಪ್ಪಂದ ಮಾಡಿಕೊಂಡಿತು. ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆಯ ಪುನಶ್ಚೇತನದಲ್ಲಿಯೂ ನಿವಾಸಿಗಳ ಪಾತ್ರ ದೊಡ್ಡದು. ಮೈಸೂರಿನ ಕುಂಬಾರಕೊಪ್ಪಲಿನ ಶೂನ್ಯತ್ಯಾಜ್ಯ ಘಟಕ ನಿವಾಸಿಗಳ ಸಹಭಾಗಿತ್ವದಿಂದ ಹೆಸರಾಯಿತು. 2015 ಹಾಗೂ 2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು ಮೊದಲ ಸ್ಥಾನ ಪಡೆದಾಗ ಮನೆಯಲ್ಲೇ ಕಸ ಬೇರ್ಪಡಿಸುವ ಅಭ್ಯಾಸ ಎಲ್ಲರ ಗಮನ ಸೆಳೆಯಿತು.

ಈ ಉದಾಹರಣೆಗಳಲ್ಲಿ ಒಂದು ಸಾಮ್ಯವಿದೆ. ನಿವಾಸಿಗಳು ಕೇಳಿದ್ದು ಒಂದೇ ಒಂದು ನಿರ್ದಿಷ್ಟ ಕೆಲಸ. ಅದರಲ್ಲಿ ತಮ್ಮ ಪಾಲೇನು ಎಂಬುದನ್ನೂ ಅವರೇ ಹೇಳಿದರು. ಕೆಲಸ ಮುಗಿದ ಮೇಲೂ ಅವರು ಮನೆಗೆ ಮರಳಲಿಲ್ಲ.

ಯಾರ ಬಡಾವಣೆ, ಯಾರ ಅಭಿಪ್ರಾಯ?

ಆದರೆ ‘ನಿವಾಸಿಗಳ ಅಭಿಪ್ರಾಯ’ ಎಂಬುದು ಒಂದೇ ದನಿಯಲ್ಲ. 2007ರಲ್ಲಿ ಅನುಮೋದನೆ ಪಡೆದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ-2015 ವಸತಿ ಪ್ರದೇಶಗಳಲ್ಲಿ ಮಿಶ್ರ ಬಳಕೆಗೆ ಅವಕಾಶ ನೀಡಿದಾಗ ಕೋರಮಂಗಲ, ಇಂದಿರಾನಗರ ಮುಂತಾದ ಬಡಾವಣೆಗಳ ನಿವಾಸಿಗಳ ಸಂಘಗಳು ತೀವ್ರವಾಗಿ ವಿರೋಧಿಸಿದವು. ಮನೆಯ ಪಕ್ಕದಲ್ಲಿ ಪಬ್‌ ಬಂದರೆ ನಿದ್ರೆ ಎಲ್ಲಿ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಕೆಳಮನೆಯನ್ನು ಅಂಗಡಿಗೆ ಬಾಡಿಗೆ ಕೊಟ್ಟು ಜೀವನ ಸಾಗಿಸುವ ನಿವೃತ್ತರೂ ಅದೇ ಬೀದಿಯ ನಿವಾಸಿಗಳು. ಅವರ ಲೆಕ್ಕ ಬೇರೆ.

ಬೀದಿ ವ್ಯಾಪಾರಿಗಳ ವಿಷಯ ಇನ್ನೂ ಸೂಕ್ಷ್ಮ. ಪಾದಚಾರಿ ಮಾರ್ಗ ತೆರವಾಗಲಿ ಎಂಬುದು ಅನೇಕ ಸಂಘಗಳ ಮೊದಲ ಬೇಡಿಕೆ. ಅದೇ ಮಾರ್ಗದಲ್ಲಿ ಸೊಪ್ಪು, ಹೂವು ಮಾರುವವರಿಂದ ಕೊಳ್ಳುವವರೂ ಆ ಮನೆಗಳವರೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳಿಗೆ ಕನಿಷ್ಠ ಶೇ. 40ರಷ್ಟು ಸ್ಥಾನ ನೀಡಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ನೀಡುವವರೆಗೆ ಅವರನ್ನು ಎಬ್ಬಿಸುವಂತಿಲ್ಲ ಎನ್ನುತ್ತದೆ.

ಬಾಡಿಗೆದಾರರು ಎರಡು ಮೂರು ವರ್ಷಕ್ಕೆ ಮನೆ ಬದಲಿಸುತ್ತಾರೆ. ಸಂಘದ ಸಭೆಗೆ ಅವರನ್ನು ಕರೆಯುವವರು ಕಡಿಮೆ. ಕೊಳಗೇರಿಯ ಕುಟುಂಬಗಳು ನಲ್ಲಿ ನೀರಿಗೆ, ಶೌಚಾಲಯಕ್ಕೆ ಆದ್ಯತೆ ಕೇಳಿದರೆ ಪಕ್ಕದ ಬಡಾವಣೆಯ ಸಂಘ ಉದ್ಯಾನದ ನಡಿಗೆ ಪಥ ಕೇಳುತ್ತದೆ. ವಾರ್ಡ್‌ ಒಂದೇ, ಹಣ ಒಂದೇ. ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ ಸ್ಥಾನ ಕಡ್ಡಾಯವಾಗಿರುವುದು ಈ ಕಾರಣಕ್ಕೇ. ಸಭೆಗೆ ಬರುವವರ ಅಭಿಪ್ರಾಯವನ್ನೇ ಬಡಾವಣೆಯ ಅಭಿಪ್ರಾಯವೆಂದು ಬರೆದುಕೊಂಡರೆ, ಸಂಜೆ ಏಳರವರೆಗೆ ದುಡಿಯುವವರ ಬೇಡಿಕೆ ಎಂದಿಗೂ ನಡಾವಳಿ ಪುಸ್ತಕ ಸೇರುವುದಿಲ್ಲ.

ಮಾತು ಕಾಮಗಾರಿಯಾಗುವ ಹಂತಗಳು

ಅಭಿಪ್ರಾಯಕ್ಕೆ ಬೆಲೆ ಬರಬೇಕಾದರೆ ಅದು ಅಳತೆಗೆ ಸಿಗಬೇಕು. ‘ಫುಟ್‌ಪಾತ್‌ ಸರಿಯಿಲ್ಲ’ ಎಂದರೆ ಎಂಜಿನಿಯರ್‌ಗೆ ಏನೂ ತಿಳಿಯದು. ಬಸ್‌ ನಿಲ್ದಾಣದಿಂದ ಶಾಲೆಯ ಗೇಟಿನವರೆಗೆ ಎಷ್ಟು ಮೀಟರ್‌, ಎಷ್ಟು ಕಡೆ ಚಪ್ಪಡಿ ಇಲ್ಲ, ಎಲ್ಲಿ ಟ್ರಾನ್ಸ್‌ಫಾರ್ಮರ್‌ ಅಡ್ಡವಿದೆ ಎಂದು ಬರೆದುಕೊಟ್ಟರೆ ಅಂದಾಜು ಪಟ್ಟಿ ತಯಾರಿಸಬಹುದು. ವಸತಿ ಪ್ರದೇಶದಲ್ಲಿ ಪಾದಚಾರಿ ಮಾರ್ಗದ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್‌ ಇರಬೇಕೆಂದು ಇಂಡಿಯನ್‌ ರೋಡ್ಸ್‌ ಕಾಂಗ್ರೆಸ್‌ನ ಮಾರ್ಗಸೂಚಿ ಹೇಳುತ್ತದೆ. ಈ ಒಂದು ಅಂಕಿ ಕೈಯಲ್ಲಿದ್ದರೆ ಮನವಿಯ ತೂಕವೇ ಬೇರೆ.

ಎರಡನೆಯದು ಕಾಲ. ಪಾಲಿಕೆಯ ಆರ್ಥಿಕ ವರ್ಷ ಏಪ್ರಿಲ್‌ 1ಕ್ಕೆ ಆರಂಭ. ಬಜೆಟ್‌ ಅದಕ್ಕೂ ಮೊದಲೇ ಸಿದ್ಧವಾಗುತ್ತದೆ. ಆದ್ದರಿಂದ ವಾರ್ಡ್‌ನ ಬೇಡಿಕೆ ಪಟ್ಟಿ ದೀಪಾವಳಿಯ ನಂತರದ ತಿಂಗಳುಗಳಲ್ಲೇ ಲಿಖಿತವಾಗಿ ಕಚೇರಿ ತಲುಪಬೇಕು. ಮಳೆಗಾಲದಲ್ಲಿ ನೀರು ನುಗ್ಗಿದಾಗ ಎದ್ದ ಕೂಗು ಚಳಿಗಾಲದಲ್ಲಿ ಮರೆತುಹೋದರೆ ಮುಂದಿನ ಮಳೆಗೆ ಮತ್ತೆ ಅದೇ ನೀರು.

ಮೂರನೆಯದು ಯಾರನ್ನು ಕೇಳಬೇಕೆಂಬ ಅರಿವು. ನೀರು ಮತ್ತು ಒಳಚರಂಡಿ ಬೆಂಗಳೂರಿನಲ್ಲಿ ಜಲಮಂಡಳಿಯದು, ವಿದ್ಯುತ್‌ ಬೆಸ್ಕಾಂನದು, ರಸ್ತೆ ಪಾಲಿಕೆಯದು. ಹೊಸ ಡಾಂಬರು ಒಣಗುವ ಮುನ್ನ ಕೊಳವೆಗಾಗಿ ರಸ್ತೆ ಅಗೆಯುವ ದೃಶ್ಯ ಇದರ ಫಲ. ಎಲ್ಲ ಇಲಾಖೆಗಳ ಸ್ಥಳೀಯ ಅಧಿಕಾರಿಗಳನ್ನು ಒಂದೇ ಸಭೆಗೆ ಕರೆಸಿ, ಅಗೆಯುವ ಕೆಲಸ ಮೊದಲು, ಡಾಂಬರು ಆಮೇಲೆ ಎಂದು ಬರೆಸಿಕೊಳ್ಳುವುದು ವಾರ್ಡ್‌ ಸಮಿತಿ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ.

ಕೊನೆಯದು ದಾಖಲೆ. ಸಭೆಯ ನಡಾವಳಿಯನ್ನು ಬರೆಸಿ ಪ್ರತಿ ಪಡೆಯಬೇಕು. ಕಾಮಗಾರಿಯ ಟೆಂಡರ್‌ 1999ರ ಪಾರದರ್ಶಕತೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಂದಾಜು ಪಟ್ಟಿ, ಕಾರ್ಯಾದೇಶ, ಬಿಲ್ಲುಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ದೋಷ ಹೊಣೆಗಾರಿಕೆ ಅವಧಿಯೊಳಗೆ ರಸ್ತೆ ಕಿತ್ತುಬಂದರೆ ಗುತ್ತಿಗೆದಾರರೇ ಸರಿಪಡಿಸಬೇಕು. ಆ ಅವಧಿ ಎಂದು ಮುಗಿಯುತ್ತದೆ ಎಂಬುದು ನಿವಾಸಿಗಳಿಗೆ ಗೊತ್ತಿರಬೇಕಷ್ಟೆ.

ಪ್ರತಿನಿಧಿಯಿಲ್ಲದ ವಾರ್ಡ್‌

ಈ ಸರಪಳಿಯ ಮುಖ್ಯ ಕೊಂಡಿ ಚುನಾಯಿತ ಸದಸ್ಯರು. 198 ವಾರ್ಡ್‌ಗಳ ಬಿಬಿಎಂಪಿ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರ್‌ 10ಕ್ಕೆ ಮುಗಿಯಿತು. ಆಡಳಿತಾಧಿಕಾರಿಗಳ ಕೈಗೆ ನಗರ ಹೋಯಿತು. 2020ರ ಬಿಬಿಎಂಪಿ ಕಾಯ್ದೆ, ಬಳಿಕ 2024ರ ಗ್ರೇಟರ್‌ ಬೆಂಗಳೂರು ಆಡಳಿತ ಕಾಯ್ದೆ ಬಂದವು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಎರಡೂ ಕಾಯ್ದೆಗಳು ವಾರ್ಡ್‌ ಸಮಿತಿಯನ್ನು ಉಳಿಸಿಕೊಂಡಿವೆ. ಆದರೆ ಪರಿಷತ್ತು ಇಲ್ಲದೆ ಕಳೆದ ಐದಕ್ಕೂ ಹೆಚ್ಚು ವರ್ಷಗಳಲ್ಲಿ ಆ ಸಭೆಗಳಲ್ಲಿ ಜನರಿಗೆ ಉತ್ತರ ಹೇಳಬೇಕಾದ ಹೊಣೆ ನೋಡಲ್‌ ಅಧಿಕಾರಿಗಳ ಮೇಲೆ ಬಿತ್ತು. ಅಧಿಕಾರಿಗೆ ವರ್ಗಾವಣೆಯಿದೆ; ಮತದಾರರ ಮುಂದೆ ಮತ್ತೆ ಕೈಮುಗಿದು ನಿಲ್ಲುವ ಅನಿವಾರ್ಯ ಇಲ್ಲ.

ಸಮಿತಿಯಿದ್ದು ಪ್ರತಿನಿಧಿ ಇಲ್ಲದಿದ್ದರೆ ಸಭೆ ಅಹವಾಲು ಸ್ವೀಕಾರಕ್ಕೆ ಸೀಮಿತವಾಗುತ್ತದೆ. ಪ್ರತಿನಿಧಿಯಿದ್ದು ಸಮಿತಿ ಸೇರದಿದ್ದರೆ ಆದ್ಯತೆ ಒಬ್ಬರ ಇಚ್ಛೆಗೆ ಬಿಟ್ಟದ್ದಾಗುತ್ತದೆ. ಇವೆರಡೂ ಇದ್ದು ನಿವಾಸಿಗಳೇ ಬಾರದಿದ್ದರೆ ನಡಾವಳಿ ಪುಸ್ತಕದಲ್ಲಿ ಉಳಿಯುವುದು ಹಾಜರಿ ಸಹಿಗಳು ಮಾತ್ರ. ರಾಜ್ಯದ ಮಹಾನಗರಪಾಲಿಕೆಗಳ ನಿವಾಸಿಗಳು ತಮ್ಮ ವಾರ್ಡ್‌ ಕಚೇರಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡೇ: ಈ ವಾರ್ಡ್‌ನ ಸಮಿತಿಯಲ್ಲಿ ಯಾರಿದ್ದಾರೆ, ಮುಂದಿನ ಸಭೆ ಎಂದು?