ಧಾರವಾಡ ಶಿಲೆ: ಒಂದು ಹಳೆಯ ವಾದ

ಕಾಚಿಗೂಡದಿಂದ ಹೊರಟು ಹೈದರಾಬಾದಿನ ಸುತ್ತ ಎತ್ತ ನಡೆದರೂ ಕಣ್ಣಿಗೆ ಬೀಳುವ ಹೆಬ್ಬಂಡೆಗಳು ಗ್ರಾನೈಟಿನವು; ಶಿಲಾರಸವು ಭೂಗರ್ಭದಲ್ಲಿ ತಣಿದು ಹೆಪ್ಪುಗಟ್ಟಿದುವು. ನೈಋತ್ಯಕ್ಕೆ ರಾಯಚೂರು ಜಿಲ್ಲೆಯನ್ನು ಹೊಕ್ಕು ಹಟ್ಟಿಯ ಕಡೆಗೆ ಸಾಗಿದರೆ ಕಲ್ಲಿನ ಜಾತಿಯೇ ಬೇರೆಯಾಗುತ್ತದೆ. ಹಸುರುಗಪ್ಪು ಬಣ್ಣದ, ಪದರುಪದರಾಗಿ ಸೀಳುವ ಈ ಶಿಲೆಯಲ್ಲಿ ಹೆಚ್ಚಿನ ಪಾಲು ಒಂದು ಕಾಲಕ್ಕೆ ಲಾವಾರಸವಾಗಿದ್ದಿತು. ಭೂಪಟಲದ ಭಾಗಗಳು ಒಂದನ್ನೊಂದು ಒತ್ತಿ ಪರ್ವತಗಳೇಳುವಾಗ ಅದು ಮಡಿಚಿಕೊಂಡು ಆಳಕ್ಕಿಳಿದು, ಅಲ್ಲಿನ ಒತ್ತಡ ತಾಪಗಳಿಗೆ ಸಿಕ್ಕಿ, ಕರಗದೆಯೇ ಹೊಸ ಖನಿಜಗಳನ್ನು ತಳೆಯಿತು. ರೂಪಾಂತರ ಶಿಲೆಯೆಂದರೆ ಇದೇ. ಆ ಪರ್ವತಗಳು ಸವೆದುಹೋಗಿವೆ. ಬುಡ ಮಾತ್ರ ಉಳಿದಿದೆ. (ಆ ಬುಡದ ಚಿನ್ನಕ್ಕಾಗಿಯೇ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿತು, ಈಗಿನ ಹಟ್ಟಿ ಕಂಪನಿ ಅದರ ಮುಂದುವರಿಕೆ.)

ಇಂಥ ಶಿಲಾಪಟ್ಟಿಗಳಿಗೆ 1880ರ ದಶಕದಲ್ಲಿ ‘ಧಾರವಾಡ’ ಎಂದು ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. ಸುತ್ತಲಿನ ಪಟ್ಟೆಪಟ್ಟೆಯ ನೈಸ್ ಶಿಲೆ, ಎಂದರೆ ಬೆಂಗಳೂರಿನ ಲಾಲ್‌ಬಾಗಿನ ಗುಡ್ಡದಲ್ಲಿ ಕಾಣುವಂಥದು, ಹಳೆಯ ನೆಲಗಟ್ಟು. ಧಾರವಾಡ ಶಿಲೆಗಳು ಅದರ ಮೇಲೆ ಹಾಸಿದುವು ಎಂಬುದು ಅವರ ಮತ. 1894ರಲ್ಲಿ ಮೈಸೂರು ಸಂಸ್ಥಾನದ ಭೂಗರ್ಭಶಾಸ್ತ್ರ ಇಲಾಖೆ ಏರ್ಪಟ್ಟಾಗ ಅದರ ಮೊದಲ ಮುಖ್ಯಸ್ಥರಾದವರೂ ಅವರೇ. ಆದರೆ ಅದೇ ಪೀಠಕ್ಕೆ ತರುವಾಯ ಬಂದ ಡಬ್ಲ್ಯು. ಎಫ್. ಸ್ಮೀತ್ ಈ ಮತವನ್ನು ತಲೆಕೆಳಗು ಮಾಡಿದರು. ಧಾರವಾಡವೇ ಎಲ್ಲಕ್ಕಿಂತ ಹಳೆಯದು, ನೈಸ್ ಅದರೊಳಕ್ಕೆ ನುಗ್ಗಿದ್ದು. ಅಷ್ಟೇ ಅಲ್ಲ, ಧಾರವಾಡ ಶಿಲೆಗಳೆಲ್ಲವೂ ಅಗ್ನಿಜನ್ಯ, ನೀರಿನಲ್ಲಿ ಸಂಚಯವಾದುದು ಅಲ್ಲಿ ಏನೂ ಇಲ್ಲ ಎಂದರು. ಗುಂಡುಗಲ್ಲುಗಳು ಹುದುಗಿದ ಪದರಗಳು ಎದುರಿಗಿದ್ದರೂ ಅವನ್ನು ಜಜ್ಜಿಹೋದ ಅಗ್ನಿಶಿಲೆಯೆಂದೇ ಎಣಿಸಲಾಯಿತು. ಸ್ಮೀತರನ್ನು ಹಳಿದು ಪ್ರಯೋಜನವಿಲ್ಲ. ರೂಪಾಂತರವು ಕಲ್ಲಿನ ಹುಟ್ಟುಗುರುತನ್ನೇ ಅಳಿಸುತ್ತದೆ. ಉಳಿದ ಗೆರೆಯನ್ನು ನೋಡುವವನು ತನ್ನ ನಂಬಿಕೆಗೆ ತಕ್ಕಂತೆ ಓದಿಕೊಳ್ಳುವುದು ಸಹಜ. ಆದರೂ ಇಲಾಖೆಯ ಮುಖ್ಯಸ್ಥರ ಅಭಿಪ್ರಾಯವೇ ಇಲಾಖೆಯ ಅಭಿಪ್ರಾಯವಾಗಿ ಬಹುಕಾಲ ನಿಂತುದರಿಂದ ನಷ್ಟವಾಯಿತೆಂದು ನನ್ನ ಭಾವನೆ.

ಅದೃಷ್ಟಕ್ಕೆ ಈ ಅಳಿಸುವಿಕೆ ಎಲ್ಲೆಡೆಯೂ ಸಮನಾಗಿಲ್ಲ. ಕರ್ನಾಟಕದಲ್ಲಿ ದಕ್ಷಿಣಕ್ಕೆ ಸರಿದಷ್ಟೂ ಶಿಲೆಗಳು ಹೆಚ್ಚು ಆಳದಲ್ಲಿ, ಹೆಚ್ಚು ತಾಪದಲ್ಲಿ ಬೆಂದಿವೆ. ಉತ್ತರದ ಕಡೆ ಬೇಗೆ ಕಡಿಮೆ. ಆದುದರಿಂದಲೇ ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ, ನೀರಿನೊಳಗೆ ಉಕ್ಕಿ ದಿಂಬುದಿಂಬಾಗಿ ಗಟ್ಟಿಯಾದ ಲಾವಾ ಇಂದಿಗೂ ದಿಂಬಿನ ಆಕಾರದಲ್ಲೇ ಇದೆ. ಬೇರೆ ಕೆಲವೆಡೆ ಮರಳಿನ ಮೇಲೆ ನೀರು ಮೂಡಿಸಿದ ಅಲೆಗುರುತುಗಳೂ ಉಳಿದಿವೆ. ಇಂಥವನ್ನು ಕಂಡು ಬಿ. ರಾಮರಾಯರೇ ಮೊದಲಾದ ಅದೇ ಇಲಾಖೆಯ ಮುಂದಿನ ತಲೆಮಾರಿನವರು ಧಾರವಾಡ ಶಿಲೆಗಳಲ್ಲಿ ಜಲಜ ಶಿಲೆಗಳೂ ಉಂಟೆಂದು ಒಪ್ಪಿದರು. ಬಾಬಾಬುಡನ್ ಬೆಟ್ಟಗಳ ಸೀಮೆಯ ಕಲ್ದುರ್ಗದ ಗುಂಡುಗಲ್ಲಿನ ಪದರದ ಸಾಕ್ಷ್ಯವಂತೂ ಇನ್ನೂ ನೇರ: ಅಲ್ಲಿ ಹುದುಗಿದ ಗುಂಡುಗಳಲ್ಲಿ ನೈಸಿನವೂ ಇವೆ. ಮಗನ ಮಡಿಲಲ್ಲಿ ತಂದೆಯ ಮೂಳೆ ಸಿಕ್ಕಂತಾಯಿತು. ನೈಸ್ ಮೊದಲೇ ಇಲ್ಲದೆ ಅದರ ಚೂರು ಇಲ್ಲಿಗೆ ಹೇಗೆ ಬಂದೀತು?

ವಿಕಿರಣಶೀಲ ಧಾತುಗಳಿಂದ ಎಣಿಸಿದ ವಯಸ್ಸೂ ಇದನ್ನೇ ಹೇಳುತ್ತದೆ: ನೈಸಿಗೆ ಸುಮಾರು 340ರಿಂದ 300 ಕೋಟಿ ವರ್ಷ, ಧಾರವಾಡ ಶಿಲೆಗಳಿಗೆ 290ರಿಂದ 260 ಕೋಟಿ. ಫೂಟರ ಮಾತೇ ನಿಂತಿತು. ಆದರೆ ಮೈಸೂರು ಜಿಲ್ಲೆಯ ಸರಗೂರಿನ ಸುತ್ತ, ನೈಸಿನ ನಡುವೆ ಸಿಲುಕಿ ಅತಿಯಾಗಿ ಬೆಂದ ತುಣುಕುಗಳಾಗಿ ಬೇರೊಂದು ಶಿಲಾವರ್ಗವುಂಟು. ಅದು ಧಾರವಾಡಕ್ಕಿಂತ ಪ್ರಾಚೀನ. ಅದರೊಳಕ್ಕೆ ನೈಸ್ ನುಗ್ಗಿರುವುದೂ ನಿಜ. ಸ್ಮೀತರು ಹೇಳಿದುದು ಆ ತುಣುಕುಗಳ ಮಟ್ಟಿಗೆ ಸರಿಯಾಗಿತ್ತು.